ಸೆಟ್ಲ್ ಆದ ಸಾಲ, ತೀರದ ಸಾಲ

ದಾವಣಗೆರೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಕೆಲವು ತಿಂಗಳ ಹಿಂದೆ ನನ್ನ ಬಳಿ ಬಂದಿದ್ದರು. ನಾಲ್ಕು ಮಡಿಕೆ ಮಾಡಿದ್ದ ಹಾಳೆಯೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. 2020ರಲ್ಲಿ ಬ್ಯಾಂಕ್ ಕೊಟ್ಟ ಪತ್ರ ಅದು. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ, ಕ್ರೆಡಿಟ್ ಕಾರ್ಡಿನ ಬಾಕಿ 84,000 ರೂಪಾಯಿಗೆ ಬೆಳೆದಿತ್ತು. ವಸೂಲಿಗೆ ಬಂದವರು ‘ಒಂದೇ ಸಲಕ್ಕೆ 40,000 ಕಟ್ಟಿ, ಸೆಟ್ಲ್ ಮಾಡಿಕೊಳ್ಳಿ’ ಎಂದಿದ್ದರು. ಹೆಂಡತಿಯ ಬಳೆ ಮಾರಿ ಕಟ್ಟಿದ್ದರು. ಈಗ ಮನೆ ಸಾಲದ ಅರ್ಜಿ ತಿರಸ್ಕಾರವಾಗಿದೆ. “ಎಲ್ಲಾ ತೀರಿಸೀನಲ್ರೀ ಸರ್, ಮತ್ಯಾಕೆ ಕೊಡಲ್ಲ ಅಂತಾರೆ?” ಎಂದು ಕೇಳಿದರು.

ಇಪ್ಪತ್ತೆಂಟು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು, ಈಗ ಸಾಲದ ಸಲಹೆ ಕೊಡುವ ಕೆಲಸ ಮಾಡುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಮಾತಿನಲ್ಲಿ ‘ಸೆಟ್ಲ್ ಆಯ್ತು’ ಅಂದರೆ ವ್ಯವಹಾರ ಮುಗಿಯಿತು, ಇಬ್ಬರೂ ಎದ್ದು ಕೈ ಮುಗಿದು ಹೋಗಬಹುದು. ಬ್ಯಾಂಕಿನ ಕಡತದಲ್ಲಿ ಅದರ ಅರ್ಥ ಬೇರೆ. ಕೊಡಬೇಕಾದದ್ದರಲ್ಲಿ ಒಂದು ಭಾಗ ಬಂತು, ಉಳಿದದ್ದನ್ನು ನಾವು ಕಳೆದುಕೊಂಡೆವು ಎಂದು ಬ್ಯಾಂಕ್ ಬರೆದುಕೊಳ್ಳುತ್ತದೆ. ನಮ್ಮ ಸಾಲಗಳ ಚರಿತ್ರೆ ಹೇಳುವ ವರದಿಯಲ್ಲಿ, ಪೂರ್ತಿ ಕಟ್ಟಿದ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿರುತ್ತದೆ, ಅಂಗಡಿಯವರ ಸಾಲದ ಮುಂದೆ ‘ಸೆಟ್ಲ್ಡ್’ ಎಂದಿತ್ತು. ಮನೆ ಸಾಲ ಕೊಡುವ ಅಧಿಕಾರಿ ಮೊದಲು ನೋಡುವುದೇ ಈ ಒಂದು ಪದವನ್ನು.

‘ರೈಟ್ ಆಫ್’ ಎಂಬ ಇನ್ನೊಂದು ಪದ ಇದಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿದೆ. ಅದನ್ನು ಸಾಲ ಮನ್ನಾ ಎಂದುಕೊಂಡು ನೆಮ್ಮದಿಯಿಂದ ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಅದು ಬ್ಯಾಂಕ್ ತನ್ನ ಲೆಕ್ಕಪುಸ್ತಕದಲ್ಲಿ ಮಾಡಿಕೊಳ್ಳುವ ಬದಲಾವಣೆ ಅಷ್ಟೆ. ಸಾಲಗಾರನ ಹೊಣೆ ಹಾಗೆಯೇ ಇರುತ್ತದೆ, ವಸೂಲಿಯೂ ಮುಂದುವರಿಯಬಹುದು.

ನಾವೆಲ್ಲ ‘ಸಿಬಿಲ್’ ಎಂದು ಒಂದೇ ಹೆಸರಿನಲ್ಲಿ ಕರೆದರೂ, ಯಾರು ಸಾಲವನ್ನು ಹೇಗೆ ತೀರಿಸಿದರು ಎಂಬ ಮಾಹಿತಿ ಇಟ್ಟು ಈ ವರದಿ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಾಲ ಮಾಹಿತಿ ಸಂಸ್ಥೆಗಳಿಗೆಂದೇ ಇರುವ 2005ರ ಕಾಯ್ದೆಯ ಅಡಿಯಲ್ಲಿ ರಿಸರ್ವ್ ಬ್ಯಾಂಕಿನ ನಿಗಾದಲ್ಲಿ ಇವು ಕೆಲಸ ಮಾಡುತ್ತವೆ. ಸಾಲ ತೀರಿಸಿದ ನಡತೆಗೆ ಅವು ಕೊಡುವ ಅಂಕವೇ ಸ್ಕೋರ್, ಅದು 300ರಿಂದ 900ರವರೆಗೆ ಇರುತ್ತದೆ. ಆದರೆ ದಯವಿಟ್ಟು ಆ ಮೂರಂಕಿಯನ್ನೇ ನೋಡುತ್ತ ಕೂರಬೇಡಿ. ಕಾಯಿಲೆ ಇರುವುದು ವರದಿಯ ಒಳಪುಟಗಳಲ್ಲಿ, ಸ್ಕೋರ್ ಬರೀ ಜ್ವರದ ಅಳತೆ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಆ ಭಯದಲ್ಲೇ ಎಷ್ಟೋ ಜನ ವರದಿ ತೆಗೆದೇ ಇಲ್ಲ. ಇಳಿಯುವುದು ಸಿಟ್ಟಿನಲ್ಲಿ ಒಂದೇ ವಾರಕ್ಕೆ ಐದು ಬ್ಯಾಂಕಿಗೆ ಅರ್ಜಿ ಹಾಕಿದಾಗ.

ವರದಿಯಲ್ಲಿ ಏನಿಲ್ಲ ಎಂಬುದೂ ತಿಳಿದಿರಲಿ. ಇಪ್ಪತ್ತು ವರ್ಷ ಒಂದು ತಿಂಗಳೂ ತಪ್ಪದೆ ಊರಿನ ಚೀಟಿ ಕಟ್ಟಿದ, ಕೈಸಾಲವನ್ನು ಹೇಳಿದ ದಿನಕ್ಕೇ ಹಿಂತಿರುಗಿಸಿದ ಪ್ರಾಮಾಣಿಕನ ವರದಿ ಖಾಲಿ ಹಾಳೆಯಾಗಿರಬಹುದು. ಅವನ ನಡತೆಗೆ ಅಲ್ಲಿ ಜಾಗವಿಲ್ಲ. ಅದೇ ಮನುಷ್ಯ ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದರೆ, ಗೆಳೆಯ ತಪ್ಪಿಸಿದ ಕಂತು ಇವನ ವರದಿಯಲ್ಲಿ ಬಂದು ಕೂರುತ್ತದೆ. ಇದು ನನಗೆ ಯಾವತ್ತೂ ನೋವಿನ ಸಂಗತಿ.

ಅಂಗಡಿಯವರ ಬಾಕಿ 84,000 ಆದದ್ದು ಹೇಗೆ ಎಂದು ಕೇಳಿದೆ. ಮೊದಲಿಗೆ 50,000 ಇತ್ತಂತೆ. ಕಟ್ಟಲು ಆದಾಗೆಲ್ಲ ‘ಕನಿಷ್ಠ ಮೊತ್ತ’ ಕಟ್ಟುತ್ತಿದ್ದರಂತೆ. ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ 3.5ರ ಆಸುಪಾಸು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂರೂವರೆ ರೂಪಾಯಿ ಬಡ್ಡಿ. ಬಡ್ಡಿ ಅಂಗಡಿಯವನು ಅಷ್ಟು ಕೇಳಿದರೆ ನಾವು ಎದ್ದು ಬರುತ್ತೇವೆ. 50,000ಕ್ಕೆ ಶೇ 5ರಂತೆ ಕನಿಷ್ಠ ಮೊತ್ತ 2,500 ಎಂದಿಟ್ಟುಕೊಳ್ಳಿ. ಅದರಲ್ಲಿ ಬಡ್ಡಿಗೆ 1,750, ಬಡ್ಡಿಯ ಮೇಲಿನ ಜಿಎಸ್‌ಟಿಗೆ 315. ಅಸಲಿಗೆ ಜಮೆಯಾದದ್ದು 435 ರೂಪಾಯಿ. ಒಂದೆರಡು ತಿಂಗಳು ಅದೂ ತಪ್ಪಿ, ದಂಡದ ಶುಲ್ಕ ಸೇರಿಕೊಂಡರೆ ಬಾಕಿ ಮೇಲಕ್ಕೇ ಏರುತ್ತದೆ. ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲಗಳ ಪಟ್ಟಿಗೆ. ಆದ್ದರಿಂದ ಕಷ್ಟ ಬಂದ ಮೊದಲ ತಿಂಗಳೇ ಬ್ಯಾಂಕಿಗೆ ಹೋಗಿ, ಕಂತು ಮರುಹೊಂದಿಸಿಕೊಡಿ ಎಂದು ಲಿಖಿತವಾಗಿ ಕೇಳಬೇಕು. ನಾಚಿಕೆಯಿಂದ ಫೋನ್ ಆಫ್ ಮಾಡಿ ಕೂತ ಆ ಮೂರು ತಿಂಗಳೇ ದುಬಾರಿ. ವಸೂಲಿಯವರ ಕಾಟದ ಭಯವಿದ್ದರೆ ತಿಳಿದಿರಿ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ತೆಗೆಯುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಗೆ, ಅಂದರೆ ಒಂಬುಡ್ಸ್‌ಮನ್‌ಗೆ, ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಹಾಗಾದರೆ ಸೆಟ್ಲ್‌ಮೆಂಟ್ ಮಾಡಿಕೊಳ್ಳಲೇಬಾರದೇ? ದುಡಿಯುವ ಕೈಯೇ ಹೋದ ಮನೆಗೆ, ಐದು ರೂಪಾಯಿ ಬಡ್ಡಿಗೆ ಕೈಸಾಲ ತಂದು ಬ್ಯಾಂಕಿಗೆ ಕಟ್ಟಿ ಎಂದು ನಾನು ಹೇಳಲಾರೆ. ಅಂಥವರಿಗೆ ಲೋಕ ಅದಾಲತ್‌ನಲ್ಲಿ ಕುಳಿತು ಮಾತಾಡಿ ಸೆಟ್ಲ್ ಮಾಡಿಕೊಳ್ಳುವುದೇ ಸರಿ. ಸ್ಕೋರಿಗಿಂತ ಅನ್ನ ಮುಖ್ಯ. ಆದರೆ ಆರು ತಿಂಗಳು ತಡೆದರೆ ಪೂರ್ತಿ ಕಟ್ಟಬಲ್ಲವರು ರಿಯಾಯಿತಿಯ ಆಸೆಗೆ ಬೀಳಬಾರದು. ಆ ಗುರುತು ವರ್ಷಗಟ್ಟಲೆ ಜೊತೆಗೇ ಬರುತ್ತದೆ. ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವೇ ಇದೆ.

‘15 ದಿನದಲ್ಲಿ ಸಿಬಿಲ್ ಕ್ಲೀನ್’ ಎಂದು ಗೋಡೆಗೂ ವಾಟ್ಸ್‌ಆ್ಯಪ್‌ಗೂ ಜಾಹೀರಾತು ಅಂಟಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲ ಕೊಟ್ಟ ಬ್ಯಾಂಕ್ ಒಪ್ಪದೆ ವರದಿಯಲ್ಲಿ ಅಕ್ಷರವೂ ಬದಲಾಗುವುದಿಲ್ಲ. ನಿಜವಾದ ತಪ್ಪಿದ್ದರೆ, ಅಂದರೆ ತೀರಿಸಿದ ಸಾಲ ಬಾಕಿ ಎಂದೋ ಬೇರೆಯವರ ಸಾಲ ನಿಮ್ಮ ಹೆಸರಿಗೋ ಬಂದಿದ್ದರೆ, ತಿದ್ದುಪಡಿಗೆ ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಖರ್ಚಿಲ್ಲ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಅಂಗಡಿಯವರ ವರದಿಯಲ್ಲಿ ತಪ್ಪಿರಲಿಲ್ಲ. ಹಾಗಾಗಿ ಉದ್ದದ ದಾರಿಯನ್ನೇ ಹೇಳಿದೆ. ಬಿಟ್ಟುಹೋದ 44,000 ಕಟ್ಟಲು ಸಿದ್ಧ, ಖಾತೆಯನ್ನು ‘ಕ್ಲೋಸ್ಡ್’ ಎಂದು ತಿದ್ದಿ ಕಳಿಸುವಿರಾ ಎಂದು ಬ್ಯಾಂಕಿಗೆ ಪತ್ರ ಬರೆಸಿದೆ. ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪಿದ ಮೇಲೆಯೇ ಹಣ ಕಟ್ಟಿಸಿದೆ. ಈ ಕ್ರಮ ಹಿಂದುಮುಂದಾಗಬಾರದು, ಬಾಯಿಮಾತಿನ ಭರವಸೆಗೆ ಕಟ್ಟಿದವರು ಪೇಚಾಡುವುದನ್ನು ಕಂಡಿದ್ದೇನೆ. ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನೂ ಪಡೆದರು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಈ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕಾಗಿದ್ದುದರಿಂದ ಬದಲಾವಣೆ ಬೇಗ ಕಾಣಿಸಿತು. ಹಳೆಯ ತಡಪಾವತಿಗಳ ದಾಖಲೆ ಅಳಿಯಲಿಲ್ಲ, ಅಳಿಯುವುದೂ ಇಲ್ಲ. ಅದರ ಮೇಲೆ ಹೊಸ ತಿಂಗಳುಗಳು ಬಂದು ಕೂರಬೇಕು. ಅದಕ್ಕಾಗಿ 20,000 ರೂಪಾಯಿ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಸಣ್ಣ ಕಾರ್ಡ್ ತೆಗೆದುಕೊಂಡಿದ್ದಾರೆ. ಅಂಗಡಿಯ ಕರೆಂಟ್ ಬಿಲ್ ಮಾತ್ರ ಅದರಲ್ಲಿ ಕಟ್ಟುತ್ತಾರೆ, ಮಿತಿಯ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ, ಗಡುವಿಗೆ ಮೊದಲೇ ಪೂರ್ತಿ ತೀರಿಸುತ್ತಾರೆ. ಮನೆ ಸಾಲಕ್ಕೆ ಈಗಲೇ ಅರ್ಜಿ ಹಾಕಬೇಡಿ ಎಂದಿದ್ದೇನೆ. ಮುಂದಿನ ಯುಗಾದಿಯವರೆಗೆ ಕಾಯಲು ಒಪ್ಪಿದ್ದಾರೆ.