ಆ್ಯಸಿಡ್ ಸುರಿದರೂ ಮತ್ತೆ ಏರುವ ಪಿಎಚ್

ಆಸ್ಟ್ರೇಲಿಯಾದಲ್ಲಿ ಮನೆ ಹಿತ್ತಲಲ್ಲಿ ಉಪ್ಪುನೀರಿನ ಈಜುಕೊಳ ಇರುವುದು ತೀರಾ ಸಾಮಾನ್ಯ. ಸಿಡ್ನಿ, ಬ್ರಿಸ್ಬೇನ್ ಕಡೆ ಮನೆ ಕೊಂಡ ಕನ್ನಡಿಗರಲ್ಲೂ ಕೆಲವರಿಗೆ ಮನೆಯ ಜೊತೆ ಕೊಳವೂ ಬಂದಿರುತ್ತದೆ. ಅದರ ಹಿಂದೆಯೇ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆಯ ಕಾಟ ಶುರು. ಭಾನುವಾರ ಆ್ಯಸಿಡ್ ಹಾಕಿ 7.2ಕ್ಕೆ ಇಳಿಸಿದರೆ ವಾರ ಕಳೆಯುವುದರೊಳಗೆ 8 ಮುಟ್ಟಿರುತ್ತದೆ. ಮತ್ತೆ ಆ್ಯಸಿಡ್, ಮತ್ತೆ 8. ಸಾಮಾನ್ಯವಾಗಿ ಇದು ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರದ ದೋಷವಲ್ಲ. ನಾವು ಹಿಡಿದ ಗುರಿಯೇ ತಪ್ಪು.

ಉಪ್ಪುನೀರು ಅಂದರೂ ಇದು ಸಮುದ್ರದಷ್ಟು ಉಪ್ಪಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಇಲ್ಲಿ ಸಾಮಾನ್ಯವಾಗಿ 3ರಿಂದ 6 ಗ್ರಾಂ. ಪಂಪಿನಿಂದ ಹೊರಟ ನೀರು ಒಂದು ಸೆಲ್ ಮೂಲಕ ಹಾಯುತ್ತದೆ. ಒಳಗೆ ಟೈಟಾನಿಯಂ ತಗಡುಗಳಿವೆ. ಕರೆಂಟ್ ಹರಿದಾಗ ಒಂದು ತಗಡಿನಲ್ಲಿ ಉಪ್ಪಿನಿಂದ ಕ್ಲೋರಿನ್ ಹುಟ್ಟುತ್ತದೆ, ಎದುರಿನ ತಗಡಿನಲ್ಲಿ ನೀರು ಒಡೆದು ಹೈಡ್ರೋಜನ್ ಏಳುತ್ತದೆ. ಸೆಲ್ಲಿನ ಕವಚ ಪಾರದರ್ಶಕವಾಗಿದ್ದರೆ ಬಗ್ಗಿ ನೋಡಿ. ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳು ಬೆಳ್ಳಗೆ ಎದ್ದು ಪೈಪಿನೊಳಕ್ಕೆ ಸಾಗುತ್ತಿರುತ್ತವೆ.

ಹೈಡ್ರೋಜನ್ ಏಳುವ ಕಡೆ ಕ್ಷಾರವೂ ಹುಟ್ಟುತ್ತದೆ. ಪಿಎಚ್ ಏರುವುದಕ್ಕೆ ಇದೇ ಕಾರಣ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕ್ಲೋರಿನ್ ನೀರಿನಲ್ಲಿ ಕರಗುವಾಗ ಒಂದಷ್ಟು ಆಮ್ಲ ಹುಟ್ಟುತ್ತದೆ. ಆಮೇಲೆ ಬಿಸಿಲಿಗೋ ಕೊಳೆಗೋ ಆ ಕ್ಲೋರಿನ್ ಖರ್ಚಾಗುವಾಗ ಇನ್ನಷ್ಟು. ಕೊನೆಗೆ ಜಮಾ-ಖರ್ಚು ಹೆಚ್ಚೂಕಡಿಮೆ ಸರಿಹೋಗುತ್ತದೆ.

ಪಿಎಚ್ ಏರಿಸುವುದು ನೀರು ಬಿಟ್ಟು ಗಾಳಿಗೆ ಹೋಗುವ ಕಾರ್ಬನ್ ಡೈಆಕ್ಸೈಡ್. ಗೋಲಿ ಸೋಡಾ ತೆರೆದಿಟ್ಟರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ, ಅಲ್ವಾ? ಕೊಳದಲ್ಲೂ ಅದೇ ಆಗುವುದು. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿದ್ದಾಗ ಹುಳಿ, ಹೊರಬಿದ್ದಷ್ಟೂ ಪಿಎಚ್ ಮೇಲಕ್ಕೆ. ಆಲ್ಕಲಿನಿಟಿ (ಆ್ಯಸಿಡ್ ತಡೆದುಕೊಳ್ಳುವ ನೀರಿನ ಶಕ್ತಿ) 100 ಪಿಪಿಎಂ, ಅಂದರೆ ಲೀಟರಿಗೆ 100 ಮಿಲಿಗ್ರಾಂ, ಪಿಎಚ್ 7.4 ಇರುವ ನೀರಿನಲ್ಲಿ, ಹೊರಗಿನ ಗಾಳಿಗೆ ಹೊಂದುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಕೂತಿರುತ್ತದೆ. ಅದು ಹೊರಗೆ ಹೋಗಲೇಬೇಕು. ಸೆಲ್ಲಿನ ಗುಳ್ಳೆಗಳು ಅದನ್ನು ಬಾಚಿಕೊಂಡು ಹೋಗುತ್ತವೆ. ಕಾರಂಜಿ, ಪುಟ್ಟ ಜಲಪಾತ, ಮಕ್ಕಳ ಕುಣಿದಾಟ ಎಲ್ಲವೂ ಅದಕ್ಕೆ ಕೈ ಜೋಡಿಸುತ್ತವೆ.

ನೀವೇ ಪರೀಕ್ಷಿಸಬಹುದು. ಒಂದು ಬಟ್ಟಲು ಕೊಳದ ನೀರು ತಗೊಳ್ಳಿ. ಟೆಸ್ಟ್ ಕಿಟ್‌ನಲ್ಲಿರುವ ಫೀನಾಲ್ ರೆಡ್ ಹಾಕಿ ಬಣ್ಣ ನೋಡಿ, 7.4 ಇದ್ದರೆ ಕಿತ್ತಳೆಗೆಂಪು. ಉಳಿದ ನೀರಿಗೆ ಮೀನಿನ ತೊಟ್ಟಿಯ ಗಾಳಿ ಪಂಪ್ ಬಿಟ್ಟು ಒಂದೆರಡು ಗಂಟೆ ಬಿಡಿ. ಮತ್ತೆ ಪರೀಕ್ಷೆ ಮಾಡಿದರೆ ಬಣ್ಣ ಗುಲಾಬಿ ಕಡೆಗೆ ಹೋಗಿರುತ್ತದೆ. ಸೆಲ್ ಇಲ್ಲ, ಕರೆಂಟ್ ಇಲ್ಲ, ಬರೀ ಗಾಳಿ.

ಈಗ ಆ್ಯಸಿಡ್ ಏನು ಮಾಡುತ್ತದೆ ನೋಡಿ. ಆಲ್ಕಲಿನಿಟಿ ಅಂದರೆ ಬಹುಪಾಲು ನೀರಿನಲ್ಲಿರುವ ಬೈಕಾರ್ಬನೇಟ್. ಆ್ಯಸಿಡ್ ಬಿದ್ದರೆ ಅದೇ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ. ಪಿಎಚ್ ಇಳಿಯಿತು ಅಂತ ನಾವು ಸಮಾಧಾನ ಪಡುವ ಹೊತ್ತಿಗೆ, ಅದನ್ನು ಮತ್ತೆ ಏರಿಸುವ ಸರಕನ್ನು ನೀರಿಗೆ ತುಂಬಿರುತ್ತೇವೆ. ಎಷ್ಟು ಕೆಳಗೆ ತಳ್ಳುತ್ತೀರೋ ಅಷ್ಟು ಬೇಗ ಮೇಲೇರುತ್ತದೆ. ಹಾಗಾಗಿ 7.2ರ ಹಟ ಬಿಡಿ. 7.8 ದಾಟಿದಾಗ 7.6ಕ್ಕೆ ಇಳಿಸಿದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಆಲ್ಕಲಿನಿಟಿ. 80ರಿಂದ 120 ಇರಲಿ ಅನ್ನುವ ಹಳೆಯ ಸಲಹೆ ಇನ್ನೂ ಎಲ್ಲೆಡೆ ಓಡಾಡುತ್ತಿದೆ. ಕ್ಲೋರಿನ್ ಮಾತ್ರೆ ಹಾಕುವ ಕೊಳಕ್ಕೆ ಅದು ಸರಿ. ಆ ಮಾತ್ರೆಗಳು ಹುಳಿ, ದಿನವೂ ಆಲ್ಕಲಿನಿಟಿ ತಿನ್ನುತ್ತವೆ. ಉಪ್ಪುನೀರಿನ ಕೊಳದಲ್ಲಿ ಅದನ್ನು ತಿನ್ನುವವರೇ ಇಲ್ಲ. ಅಂಥ ಕೊಳಕ್ಕೂ ಅಡುಗೆ ಸೋಡಾ ಸುರಿದು ಅಂಕಿ ಏರಿಸುವುದನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಇಲ್ಲಿ 60–70 ಸಾಕು. ಇಳಿಸುವುದಕ್ಕೂ ಆ್ಯಸಿಡ್ಡೇ ಬೇಕು, ಆದರೆ ಜೊತೆಗೆ ಗಾಳಿಯೂ ಬೇಕು. ಆ್ಯಸಿಡ್ ಹಾಕಿ ಪಿಎಚ್ 7.2ರ ಹತ್ತಿರ ತಂದು ಕಾರಂಜಿ ಬಿಡಿ. ಪಿಎಚ್ ಮೇಲೆ ಬರುತ್ತದೆ, ಆಲ್ಕಲಿನಿಟಿ ಬರುವುದಿಲ್ಲ. ಹೀಗೇ ಕೆಲವು ಸಲ. 50,000 ಲೀಟರ್ ಕೊಳದಲ್ಲಿ ಆಲ್ಕಲಿನಿಟಿ 10 ಪಿಪಿಎಂ ಇಳಿಯಲು 32% ಹೈಡ್ರೋಕ್ಲೋರಿಕ್ ಆ್ಯಸಿಡ್ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ. ಪಂಪ್ ಓಡುತ್ತಿರುವಾಗ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ. ಕ್ಲೋರಿನ್ ಪುಡಿಯ ಹತ್ತಿರ ಅದನ್ನು ತರಲೇಬೇಡಿ, ವಿಷಾನಿಲ ಏಳುತ್ತದೆ.

ಸೆಲ್ ಓಡುವ ಹೊತ್ತು ಕಡಿಮೆಯಾದರೆ ಗುಳ್ಳೆಯೂ ಕಡಿಮೆ. ಅದಕ್ಕೆ ಸಯನ್ಯೂರಿಕ್ ಆ್ಯಸಿಡ್ (‘ಸ್ಟೆಬಿಲೈಸರ್’ ಅಂತ ಮಾರುವುದು) 60–80 ಪಿಪಿಎಂ ಇಟ್ಟುಕೊಳ್ಳಿ. ಬಿಸಿಲಿಗೆ ಕ್ಲೋರಿನ್ ಸುಮ್ನೆ ಹಾಳಾಗುವುದನ್ನು ಅದು ತಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಪಿಎಚ್ 8 ಆದರೆ ಕ್ಲೋರಿನ್ ಬಲ ಕಾಲುಭಾಗಕ್ಕೆ ಇಳಿಯುತ್ತದೆ ಅನ್ನುವುದು ಸಯನ್ಯೂರಿಕ್ ಇಲ್ಲದ ನೀರಿನ ಲೆಕ್ಕ. ಅದು ಇದ್ದಾಗ 7.5ಕ್ಕೂ 8ಕ್ಕೂ ಅಷ್ಟೊಂದು ವ್ಯತ್ಯಾಸ ಆಗುವುದಿಲ್ಲ. ನಿಜವಾಗಿ ಹೆದರಬೇಕಾದದ್ದು 8 ದಾಟಿದ ಮೇಲೆ ಸೆಲ್ಲಿನ ತಗಡಿಗೆ ಕಟ್ಟುವ ಸುಣ್ಣಕ್ಕೆ.

ಬೆಂಗಳೂರಿನ ವಿಲ್ಲಾಗಳ ಕೊಳಗಳಲ್ಲಿ ಇನ್ನೊಂದು ತೊಡಕಿದೆ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ ಇರುವುದು ಸಾಮಾನ್ಯ. ನೀರು ಆವಿಯಾದಾಗ ಅದು ಕೊಳದಲ್ಲೇ ಉಳಿಯುತ್ತದೆ, ಮತ್ತೆ ತುಂಬಿಸಿದಾಗ ಇನ್ನಷ್ಟು ಸೇರುತ್ತದೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಚಾವಣಿಯ ನೀರನ್ನು ಸೋಸಿ ಕೊಳಕ್ಕೆ ಬಿಟ್ಟುಕೊಂಡರೆ ಆ್ಯಸಿಡ್ ಖರ್ಚು ಇಳಿಯುತ್ತದೆ.

ಹೊಸದಾಗಿ ಸಿಮೆಂಟ್ ಗಿಲಾವು ಮಾಡಿದ ಕೊಳದ ಮಾತು ಬೇರೆ. ಅಲ್ಲಿ ಗೋಡೆಯಿಂದಲೇ ಸುಣ್ಣ ನೀರಿಗೆ ಇಳಿಯುತ್ತಿರುತ್ತದೆ, ಕೆಲವು ತಿಂಗಳು, ಕೆಲವೊಮ್ಮೆ ವರ್ಷದವರೆಗೂ. ಅಷ್ಟು ದಿನ ಪಿಎಚ್ ಅನ್ನು ಮತ್ತೆ ಮತ್ತೆ ಪರೀಕ್ಷಿಸಿ, ಆ್ಯಸಿಡ್ ಅನ್ನು ಸ್ವಲ್ಪಸ್ವಲ್ಪವೇ ಹಾಕುತ್ತಿರಬೇಕಾಗುತ್ತದೆ.