ಹೊಸ ಪಿಕಪ್‌ಗೆ ಎಷ್ಟು ಕೊಟ್ಟರೆ ಸರಿ?

ಪ್ರಶ್ನೆ: ಹೊಸ ಪಿಕಪ್ ಟ್ರಕ್ ಕೊಳ್ಳಬೇಕು ಅಂತ ಮೂರು ಶೋರೂಮ್ ಸುತ್ತಿ ಬಂದೆ. ಒಬ್ಬರು ಡಿಸ್ಕೌಂಟ್ ಕೊಡ್ತೀವಿ ಅಂತಾರೆ. ಇನ್ನೊಬ್ಬರು ಬಡ್ಡಿ ಕಡಿಮೆ ಅಂತಾರೆ. ಮೂರನೆಯವರು ನಿಮ್ಮ ಹಳೇ ಗಾಡಿಗೆ ಒಳ್ಳೇ ರೇಟು ಕೊಡ್ತೀವಿ ಅಂತಾರೆ. ಇವರಲ್ಲಿ ಯಾರ ಬೆಲೆ ನ್ಯಾಯವಾದದ್ದು? ಎಷ್ಟು ಇಳಿಸಿ ಕೇಳಬಹುದು? ನನಗೆ ಚೌಕಾಸಿ ಮಾಡಿ ಅಭ್ಯಾಸ ಇಲ್ಲ.

ಉತ್ತರ: ಎಷ್ಟು ಇಳಿಸಬಹುದು ಅನ್ನುವುದಕ್ಕೆ ಎಲ್ಲ ಗಾಡಿಗೂ ಹೊಂದುವ ಒಂದು ಅಂಕಿ ಇಲ್ಲ. ಬುಕ್ ಮಾಡಿ ತಿಂಗಳುಗಟ್ಟಲೆ ಕಾಯಬೇಕಾದ ಮಾಡೆಲ್ ಆದರೆ ಏನೂ ಇಳಿಯದೇ ಇರಬಹುದು. ಯಾರೂ ಕೇಳದೆ ಆರು ತಿಂಗಳಿಂದ ಯಾರ್ಡಿನಲ್ಲಿ ನಿಂತ ಗಾಡಿಗೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇಳಿಯಬಹುದು. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಖಚಿತವಾದ ಉತ್ತರ ಇದೆ. ಸದ್ಯಕ್ಕೆ ಯಾರ ಬೆಲೆ ನ್ಯಾಯ ಅಂತ ತಿಳಿಯಲು ಸಾಧ್ಯವೇ ಇಲ್ಲ. ಯಾಕೆಂದರೆ ಮೂವರೂ ನಿಮಗೆ ಬೆಲೆ ಹೇಳಿಲ್ಲ. ಒಬ್ಬರು ಡಿಸ್ಕೌಂಟ್ ಬಗ್ಗೆ, ಒಬ್ಬರು ಸಾಲದ ಬಗ್ಗೆ, ಇನ್ನೊಬ್ಬರು ಹಳೇ ಗಾಡಿಯ ಬಗ್ಗೆ ಮಾತಾಡಿದ್ದಾರೆ.

ನಿಮಗೆ ಬೇಕಾದದ್ದು ಒಂದೇ ಒಂದು ಅಂಕಿ. ಕೀಲಿ ನಿಮ್ಮ ಕೈಗೆ ಬಂದು ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ಒಟ್ಟು ಎಷ್ಟು ಹಣ ಆಗುತ್ತದೆ ಅನ್ನುವುದು. ಗಾಡಿ ಬೆಲೆ, ತೆರಿಗೆ, ನೋಂದಣಿ, ಇನ್ಶೂರೆನ್ಸ್, ಅವರು ಸೇರಿಸುವ ಸಣ್ಣಪುಟ್ಟ ಚಾರ್ಜು, ಎಲ್ಲ ಅದರಲ್ಲಿ ಬರಬೇಕು. ಸಾಲ ಅದರಲ್ಲಿ ಬರಬಾರದು. ಹಳೇ ಗಾಡಿಯೂ ಬರಬಾರದು. ಆ ಒಟ್ಟು ಮೊತ್ತ ಮೂವರಿಂದಲೂ ಬರಹದಲ್ಲಿ ಸಿಕ್ಕ ಮೇಲೆ ಹೋಲಿಸುವುದು ಸುಲಭ.

ನಾನು ಮೊದಲ ಪಿಕಪ್ ಕೊಂಡಾಗ ಈ ಅಂಕಿ ಕೇಳಲಿಲ್ಲ. ಶೋರೂಮಿನಲ್ಲಿ ಕೂರಿಸಿ ಅವರು ಕೇಳಿದ ಮೊದಲ ಮಾತು, “ತಿಂಗಳಿಗೆ ಎಷ್ಟು ಕಟ್ಟೋಕೆ ಆಗುತ್ತೆ ಸರ್?” ನಾನು ಒಂದು ಮೊತ್ತ ಹೇಳಿದೆ. ಅರ್ಧ ಗಂಟೆಯಲ್ಲಿ ಸರಿಯಾಗಿ ಅದೇ ಮೊತ್ತದ ಕಂತು ಲೆಕ್ಕ ಹಾಕಿ ತಂದರು. ಖುಷಿಯಿಂದ ಸಹಿ ಹಾಕಿದೆ. ಮನೆಗೆ ಬಂದು ಕಾಗದ ಬಿಡಿಸಿ ನೋಡಿದರೆ ಕಂತು ಐದು ವರ್ಷದ್ದಲ್ಲ, ಏಳು ವರ್ಷದ್ದು. ನಾನು ಕೇಳದ ಬಾಡಿ ಕೋಟಿಂಗ್, ಹೆಚ್ಚುವರಿ ವಾರಂಟಿ ಎಲ್ಲ ಸಾಲದೊಳಗೇ ಸೇರಿಕೊಂಡಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ. ಕಂತು ನಾನು ಹೇಳಿದಷ್ಟೇ ಇತ್ತು. ಏಳು ವರ್ಷ ಪ್ರತಿ ತಿಂಗಳೂ ಆ ಕಂತು ಕಟ್ಟುವಾಗ ಬೇಸರ ಆಗುತ್ತಿತ್ತು. ನಿಮಗೆ ಹಾಗಾಗಬಾರದು ಅಂತಲೇ ಈ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ಸಾಲ 10 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 9, ಅವಧಿ ಐದು ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 20,758 ಆಗುತ್ತದೆ. ಈಗ ಅದೇ ಗಾಡಿಗೆ 50,000 ಜಾಸ್ತಿ ಸೇರಿಸಿ, 10.5 ಲಕ್ಷ ಸಾಲವನ್ನು ಏಳು ವರ್ಷಕ್ಕೆ ಹರಡಿದರೆ ಕಂತು ಎಷ್ಟು? ಸುಮಾರು 16,893. ಗಾಡಿ ಬೆಲೆ ಏರಿದೆ, ಕಂತು ಮಾತ್ರ ನಾಲ್ಕು ಸಾವಿರದಷ್ಟು ಇಳಿದಿದೆ. ಕೊನೆಗೆ ಕಟ್ಟುವ ಒಟ್ಟು ಹಣ ನೋಡಿ. ಮೊದಲನೆಯದರಲ್ಲಿ 12.45 ಲಕ್ಷ, ಎರಡನೆಯದರಲ್ಲಿ 14.19 ಲಕ್ಷ. ಕಂತನ್ನೇ ನೋಡುತ್ತಾ ಕೂತವರಿಗೆ ಈ 1.74 ಲಕ್ಷ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ತಿಂಗಳಿಗೆ ಎಷ್ಟು ಕಟ್ತೀರಿ ಅಂತ ಕೇಳಿದರೆ, “ಮೊದಲು ಗಾಡಿ ಬೆಲೆ ತೀರ್ಮಾನ ಆಗಲಿ, ಸಾಲದ ಮಾತು ಆಮೇಲೆ” ಅನ್ನಿ. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿ. ಅದರಲ್ಲಿ ಒರಟುತನ ಏನೂ ಇಲ್ಲ.

ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಬಡ್ಡಿ ದರ ವಿಚಾರಿಸಿಕೊಂಡು ಹೋಗಿ. ಆಗ ಶೋರೂಮಿನವರು ತೋರಿಸುವ ಸಾಲ ನಿಜವಾಗಿ ಅಗ್ಗವೇ ಅಂತ ಗೊತ್ತಾಗುತ್ತದೆ. ಇಲ್ಲಿ ಫ್ಲ್ಯಾಟ್ ಬಡ್ಡಿ ಅನ್ನುವ ಒಂದು ಲೆಕ್ಕ ಇದೆ, ಹುಷಾರು. ಶೇ. 6 ಫ್ಲ್ಯಾಟ್ ಅಂದರೆ ಐದು ವರ್ಷವೂ ಪೂರ್ತಿ 10 ಲಕ್ಷದ ಮೇಲೆಯೇ ಬಡ್ಡಿ ಹಾಕುತ್ತಾರೆ, ನೀವು ಅಸಲು ತೀರಿಸುತ್ತಾ ಬಂದರೂ. ಬಡ್ಡಿ 3 ಲಕ್ಷ, ಕಂತು 21,667. ಮೇಲೆ ಹೇಳಿದ ಶೇ. 9ರ ಕಂತಿಗಿಂತ ಇದು ಜಾಸ್ತಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಸಾಲಕ್ಕೆ ಹೋಲಿಸಿದರೆ ಈ ‘ಆರು’ ನಿಜವಾಗಿ ಹತ್ತಿರ ಹತ್ತಿರ ಹನ್ನೊಂದು.

ಇನ್ನು ನಿಮ್ಮ ಎರಡನೇ ಶೋರೂಮಿನ ಮಾತು, ಕಡಿಮೆ ಬಡ್ಡಿ. ಅದು ಡಿಸ್ಕೌಂಟಿಗಿಂತ ಒಳ್ಳೆಯದೋ ಅಲ್ಲವೋ ಅನ್ನುವುದು ನೀವು ಎಷ್ಟು ಬೇಗ ಸಾಲ ತೀರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. 10 ಲಕ್ಷದ ಗಾಡಿಗೆ ಒಂದೋ 60,000 ಡಿಸ್ಕೌಂಟ್ ಜೊತೆ ಶೇ. 9 ಬಡ್ಡಿ, ಇಲ್ಲವೇ ಡಿಸ್ಕೌಂಟ್ ಇಲ್ಲದೆ ಶೇ. 6 ಬಡ್ಡಿ ಅಂದುಕೊಳ್ಳಿ. ಪೂರ್ತಿ ಹಣ ಸಾಲವೇ ಆದರೆ ಐದು ವರ್ಷದ ಕಂತು ಡಿಸ್ಕೌಂಟಿನ ದಾರಿಯಲ್ಲಿ 19,513, ಕಡಿಮೆ ಬಡ್ಡಿಯಲ್ಲಿ 19,333. ಬಡ್ಡಿಯ ದಾರಿ ಚೂರು ವಾಸಿ. ಮೂರೇ ವರ್ಷಕ್ಕೆ ತೀರಿಸುವುದಾದರೆ ಲೆಕ್ಕ ತಿರುಗುತ್ತದೆ. ಡಿಸ್ಕೌಂಟಿನಲ್ಲಿ 29,892, ಕಡಿಮೆ ಬಡ್ಡಿಯಲ್ಲಿ 30,422. ಕೈಯಿಂದ ದೊಡ್ಡ ಮೊತ್ತ ಹಾಕಿ ಸಾಲ ಕಡಿಮೆ ಮಾಡಿಕೊಳ್ಳುವವರಿಗೂ ಡಿಸ್ಕೌಂಟೇ ಲಾಭ.

ಈಗ ಪಿಕಪ್‌ನ ವಿಷಯಕ್ಕೇ ಬರೋಣ. ಕಾರಿಗಿಂತ ಇದರಲ್ಲಿ ಬೆಲೆ ಹೋಲಿಸುವುದು ಕಷ್ಟ. ಒಂದೇ ಹೆಸರಿನ ಗಾಡಿಯಲ್ಲಿ ಒಂದು ಸಾಲು ಸೀಟಿನ ಸಿಂಗಲ್ ಕ್ಯಾಬ್, ಎರಡು ಸಾಲಿನ ಡಬಲ್ ಕ್ಯಾಬ್, ಉದ್ದ ಮತ್ತು ಗಿಡ್ಡ ಲೋಡ್ ಬಾಡಿ, ಎರಡು ಮೂರು ಇಂಜಿನ್, ಟೂ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್, ಟ್ರೇಲರ್ ಎಳೆಯುವ ಕಿಟ್ ಇದ್ದದ್ದು, ಇಲ್ಲದ್ದು. ಇಬ್ಬರ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಇಬ್ಬರೂ ಅದೇ ಗಾಡಿಯ ಬೆಲೆ ಹೇಳಿದ್ದಾರಾ ನೋಡಿ. ಎಷ್ಟೋ ಸಲ ಅಗ್ಗದ ಕೊಟೇಶನ್ನಿನಲ್ಲಿ ಇರುವುದು ಕೆಳಗಿನ ವೇರಿಯಂಟ್.

ಅದಕ್ಕಿಂತ ಮುಖ್ಯವಾದದ್ದು ಲೋಡಿನ ಲೆಕ್ಕ. ಗಾಡಿ ಲೋಡ್ ಸಮೇತ ಇಷ್ಟೇ ತೂಗಬಹುದು ಅಂತ ಕಂಪನಿ ಒಂದು ಮಿತಿ ಹಾಕಿರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಪೇಲೋಡ್, ಅಂದರೆ ನೀವು ಹೇರಬಹುದಾದ ಭಾರ. ಒಳಗೆ ಕೂರುವ ಜನರ ತೂಕವೂ, ಟ್ರೇಲರ್ ಕಟ್ಟಿದರೆ ಕೊಂಡಿಯ ಮೇಲೆ ಒತ್ತುವ ಭಾರವೂ ಅದರಲ್ಲೇ ಬರಬೇಕು. ಲೋಡ್ ಬಾಡಿಗೆ ಮುಚ್ಚಳ, ಕಬ್ಬಿಣದ ಬಂಪರ್, ಮೇಲೊಂದು ಕ್ಯಾರಿಯರ್ ಅಂತ 100 ಕಿಲೋ ಹಾಕಿಸಿದರೆ 100 ಕಿಲೋ ಸರಕು ಕಡಿಮೆ ಹೇರಬೇಕು. ದುಬಾರಿ ವೇರಿಯಂಟಿನ ದೊಡ್ಡ ಕ್ಯಾಬಿನ್, ಫೋರ್ ವೀಲ್ ಡ್ರೈವ್ ಇವಕ್ಕೂ ತೂಕ ಇದೆ. ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಹೊರುವ ಗಾಡಿ ತಂದರೆ ದುಡಿಮೆಗೆ ಏನು ಉಪಯೋಗ? ನಿಮ್ಮ ಕೆಲಸಕ್ಕೆ ಎಷ್ಟು ಲೋಡ್ ಬೇಕು, ಯಾವ ರಸ್ತೆ, ಎಷ್ಟು ಜನ ಕೂರಬೇಕು ಅಂತ ಮನೆಯಲ್ಲೇ ಬರೆದುಕೊಂಡು ಹೋಗಿ. ಬೇಡದ್ದನ್ನು ಬಿಟ್ಟರೆ ಉಳಿಯುವ ಹಣ ಎಷ್ಟೋ ಸಲ ಚೌಕಾಸಿಯಲ್ಲಿ ಉಳಿಯುವುದಕ್ಕಿಂತ ದೊಡ್ಡದು. ಆಕ್ಸೆಸರಿಯನ್ನು ಹೊರಗಡೆ ಆಮೇಲೆ ಹಾಕಿಸಬಹುದು. ವಾರಂಟಿಗೆ ತೊಂದರೆ ಆಗುತ್ತದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಡೀಲರ್ ಎಷ್ಟು ಇಳಿಸಬಲ್ಲರು ಅನ್ನುವುದಕ್ಕೆ ಅವರ ಆದಾಯ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಬೇಕು. ಗಾಡಿಯ ಮೇಲಿನ ಮಾರ್ಜಿನ್ ಒಂದು ಪಾಲು ಅಷ್ಟೆ. ಸಾಲ ಕೊಡಿಸಿದ್ದಕ್ಕೆ, ಇನ್ಶೂರೆನ್ಸ್ ಮಾಡಿಸಿದ್ದಕ್ಕೆ ಕಮಿಷನ್ ಸಿಗುತ್ತದೆ. ಆಕ್ಸೆಸರಿಯಲ್ಲಿ ಲಾಭ ಇದೆ, ಸರ್ವೀಸಿನಲ್ಲಿ ಇದೆ. ಇಷ್ಟು ಗಾಡಿ ಮಾರಿದರೆ ಇಷ್ಟು ಅಂತ ಕಂಪನಿಯಿಂದ ಬೋನಸ್ಸೂ ಬರುತ್ತದೆ. ಟಾರ್ಗೆಟ್ಟಿಗೆ ಒಂದೆರಡು ಗಾಡಿ ಕಮ್ಮಿ ಬಿದ್ದಾಗ ತಿಂಗಳ ಕೊನೆಯ ದಿನಗಳಲ್ಲಿ ಬೆಲೆ ದಿಢೀರನೆ ಸಡಿಲ ಆಗುವುದು ಇದರಿಂದಲೇ. ಹಾಗಂತ ಪ್ರತಿ ತಿಂಗಳ ಕೊನೆಯೂ ಹಾಗೇ ಇರುತ್ತದೆ ಅಂತ ನಂಬಿ ಕೂರಬೇಡಿ. ಟಾರ್ಗೆಟ್ ಮುಗಿದಿದ್ದರೆ ಅವರಿಗೂ ಅವಸರ ಇರುವುದಿಲ್ಲ.

ನನಗೆ ಇದಕ್ಕಿಂತ ನಂಬಿಕೆ ಇರುವುದು ನಿಂತ ಸ್ಟಾಕಿನ ಮೇಲೆ. ಬಹಳಷ್ಟು ಡೀಲರ್‌ಗಳು ಸಾಲ ಮಾಡಿ ಗಾಡಿ ತರಿಸಿ ನಿಲ್ಲಿಸಿರುತ್ತಾರೆ. ನಿಂತ ಗಾಡಿಗೆ ಬಡ್ಡಿ ಓಡುತ್ತಲೇ ಇರುತ್ತದೆ. ಹೊಸ ವರ್ಷದ ಮಾಡೆಲ್ ಬಂದರೆ ಹಳೆಯದರ ಮೌಲ್ಯ ಇನ್ನೂ ಇಳಿಯುತ್ತದೆ. ಹಾಗಾಗಿ, “ನಿಮ್ಮ ಹತ್ತಿರ ಜಾಸ್ತಿ ದಿನದಿಂದ ಇರುವ ಗಾಡಿ ಯಾವುದು?” ಅಂತ ನೇರವಾಗಿ ಕೇಳಿ. ಬಣ್ಣದ ಬಗ್ಗೆ ಹಟ ಇಲ್ಲದವರಿಗೆ ಇದು ಒಳ್ಳೇ ದಾರಿ. ತಯಾರಾದ ತಿಂಗಳು, ವರ್ಷ ಕಾಗದದಲ್ಲಿ ನೋಡಿ. ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿ ಇರುತ್ತದೆ. 2324 ಅಂತ ಇದ್ದರೆ ಆ ಟೈರು 2024ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಗಾಡಿ ಅಂತ ಹೇಳಿ ಟೈರು ಒಂದೂವರೆ ವರ್ಷ ಹಳೆಯದಾಗಿದ್ದರೆ ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು. ಮಾರುವಾಗ ನಿಮ್ಮ ಗಾಡಿಯ ಬೆಲೆ ಕಟ್ಟುವುದೂ ತಯಾರಾದ ವರ್ಷ ನೋಡಿಯೇ ಅಲ್ವಾ? ಆ ನಷ್ಟಕ್ಕೆ ತಕ್ಕ ಇಳಿಕೆ ಈಗಲೇ ಸಿಗಬೇಕು.

ಚೌಕಾಸಿ ಅಭ್ಯಾಸ ಇಲ್ಲ ಅಂದಿರಿ. ಅದಕ್ಕೇ ಎದುರು ಕೂತು ಮಾತಾಡುವ ಬದಲು ಬರೆದು ಕೇಳಿ ಅನ್ನುವುದು ನನ್ನ ಸಲಹೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಶಿಕಾಗೋ ಸುತ್ತಮುತ್ತ ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಅನ್ನುವ ಇಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. ತರಬೇತಿ ಕೊಟ್ಟ ಜನರನ್ನು ಹೊಸ ಕಾರು ಕೇಳಲು 300ಕ್ಕೂ ಹೆಚ್ಚು ಸಲ ಶೋರೂಮುಗಳಿಗೆ ಕಳಿಸಿದರು. ಎಲ್ಲರೂ ಆಡಬೇಕಾದ ಮಾತು ಒಂದೇ, ಚೌಕಾಸಿ ಮಾಡುವ ರೀತಿಯೂ ಒಂದೇ. ಆದರೂ ಬಿಳಿಯ ಗಂಡಸರಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆಯನ್ನು ಹೆಂಗಸರಿಗೂ ಕಪ್ಪು ಜನರಿಗೂ ಹೇಳಲಾಗಿತ್ತು. ಎದುರಿಗೆ ಬಂದವರ ಮುಖ ನೋಡಿ ಬೆಲೆ ಹೇಳುವ ಅಭ್ಯಾಸ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಒಂದೇ ಮೆಸೇಜು ಮೂವರಿಗೆ ಹೋದರೆ, ಇನ್ನಿಬ್ಬರಿಗೂ ನೀವು ಕಳಿಸಿದ್ದೀರಿ ಅಂತ ಮೂವರಿಗೂ ಗೊತ್ತಿದ್ದರೆ, ಆ ಅಭ್ಯಾಸಕ್ಕೆ ಜಾಗ ಕಡಿಮೆ.

ಮೂರು ಕೊಟೇಶನ್ ಬಂದ ಮೇಲೆ ಕಡಿಮೆ ಇರುವುದನ್ನು ನಿಮಗೆ ಹತ್ತಿರದ, ಸರ್ವೀಸ್ ಚೆನ್ನಾಗಿರುವ ಶೋರೂಮಿಗೆ ತೋರಿಸಿ. “ಇಷ್ಟಕ್ಕೆ ಕೊಟ್ಟರೆ ಇವತ್ತೇ ಬುಕ್ ಮಾಡ್ತೀನಿ” ಅನ್ನಿ. ಇಷ್ಟೇ ಚೌಕಾಸಿ. ಹೇಳಿ ಸುಮ್ನೆ ಕೂರಿ. ಇಲ್ಲದ ಕೊಟೇಶನ್ ಇದೆ ಅಂತ ಮಾತ್ರ ಹೇಳಬೇಡಿ. ಕಾಗದ ತೋರಿಸಿ ಅಂದರೆ ಅಲ್ಲಿಗೆ ನಿಮ್ಮ ಮಾತಿನ ಬೆಲೆ ಹೋಗುತ್ತದೆ. ಅವರು ಬೆಲೆ ಇಳಿಸಲು ಆಗದು ಅಂದರೆ ಕೊಟೇಶನ್ನಿನ ಸಣ್ಣ ಸಾಲುಗಳನ್ನು ಒಂದೊಂದಾಗಿ ನೋಡಿ. ತೆರಿಗೆ, ನೋಂದಣಿ ಶುಲ್ಕ ಸರ್ಕಾರದ್ದು, ಇಳಿಯುವುದಿಲ್ಲ. ಹ್ಯಾಂಡ್ಲಿಂಗ್, ಡಾಕ್ಯುಮೆಂಟ್, ಕೋಟಿಂಗ್, ‘ಎಸೆನ್ಶಿಯಲ್ ಕಿಟ್’ ಅಂತ ಬರೆದದ್ದೆಲ್ಲ ಅವರದ್ದು. ಇದು ಕಡ್ಡಾಯವಾ, ಯಾವ ನಿಯಮದ ಪ್ರಕಾರ ಅಂತ ಕೇಳಿ. ಹೀಗೆ ಕೇಳಿದಾಗಲೇ ಕೆಲವು ಸಾಲು ಹೋಗಿಬಿಡುವುದುಂಟು. ಜಾಸ್ತಿ ಬೇಡಿಕೆ ಇರುವ ಮಾಡೆಲ್‌ನಲ್ಲಿ ಇಳಿಸಲು ಸಿಗುವುದು ಬಹುತೇಕ ಇಷ್ಟೇ.

ಮೂರನೆಯವರು ಹಳೇ ಗಾಡಿಗೆ ಒಳ್ಳೇ ರೇಟು ಅಂದರಲ್ಲ, ಅದನ್ನು ಈ ಹಂತದವರೆಗೂ ಮಾತಿಗೇ ತರಬೇಡಿ. ಹಳೆಯದಕ್ಕೆ 30,000 ಜಾಸ್ತಿ ಕೊಟ್ಟು ಹೊಸದರಲ್ಲಿ 40,000 ಡಿಸ್ಕೌಂಟ್ ಕಡಿಮೆ ಮಾಡಿದರೆ ನಿಮಗೆ 10,000 ನಷ್ಟವೇ. ಮೊದಲು ಹೊರಗಡೆ ಇಬ್ಬರ ಹತ್ತಿರ ಹಳೇ ಗಾಡಿಗೆ ಬೆಲೆ ಕಟ್ಟಿಸಿಕೊಳ್ಳಿ. ಹೊಸದರ ಬೆಲೆ ಬರಹದಲ್ಲಿ ಬಂದ ಮೇಲೆ, “ಹಳೆಯದಕ್ಕೆ ಎಷ್ಟು ಕೊಡ್ತೀರಿ?” ಅಂತ ಕೇಳಿ.

ಡೀಲರ್‌ಗೂ ನಾಲ್ಕು ಕಾಸು ಉಳಿಯಲಿ. ನಾಳೆ ಸರ್ವೀಸಿಗೆ, ವಾರಂಟಿಗೆ ನೀವು ಹೋಗುವುದು ಅಲ್ಲಿಗೇ ಇರಬಹುದು. ಇನ್ನೂರು ಮುನ್ನೂರರ ಫ್ಲೋರ್ ಮ್ಯಾಟ್‌ಗೆ ಗಂಟೆಗಟ್ಟಲೆ ಎಳೆದಾಡುವುದರಲ್ಲಿ ಅರ್ಥ ಇಲ್ಲ. ಎಲ್ಲ ಸೇರಿಸಿದ ಬೆಲೆ ಮೂರು ಕಡೆ ಕೇಳಿ, ಅದರಲ್ಲಿ ಕಡಿಮೆಯದಕ್ಕೆ ಅಥವಾ ಅದರ ಆಸುಪಾಸಿಗೆ ನಿಮಗೆ ಬೇಕಾದ ಗಾಡಿಯೇ ಸಿಕ್ಕರೆ, ಅದನ್ನು ನಾನು ನ್ಯಾಯವಾದ ಬೆಲೆ ಅಂತ ಒಪ್ಪುತ್ತೇನೆ.

ನೀವು ಮೂವರಿಗೂ ಕಳಿಸಬಹುದಾದ ಮೆಸೇಜು ಹೀಗಿರಲಿ:

“ನಮಸ್ಕಾರ. ನನಗೆ ಈ ಮಾಡೆಲ್, ಈ ವೇರಿಯಂಟ್, ಈ ಇಂಜಿನ್, ಈ ಕ್ಯಾಬ್ ಬೇಕು. ಬಣ್ಣ ಯಾವುದಾದರೂ ಸರಿ. ತೆರಿಗೆ, ನೋಂದಣಿ, ಇನ್ಶೂರೆನ್ಸ್, ಎಲ್ಲ ಚಾರ್ಜು ಸೇರಿ ಒಟ್ಟು ಎಷ್ಟು ಅಂತ ಒಂದೊಂದು ಸಾಲೂ ಬಿಡಿಸಿ ಬರೆದು ಕಳಿಸಿ. ಆಕ್ಸೆಸರಿ ಸೇರಿಸಬೇಡಿ. ಗಾಡಿ ತಯಾರಾದ ತಿಂಗಳು, ವರ್ಷ, ಡೆಲಿವರಿ ದಿನ, ಈ ಬೆಲೆ ಎಲ್ಲಿಯವರೆಗೆ ಇರುತ್ತದೆ ಅನ್ನುವುದನ್ನೂ ತಿಳಿಸಿ. ಬುಕಿಂಗ್ ರದ್ದು ಮಾಡಿದರೆ ಅಡ್ವಾನ್ಸ್ ವಾಪಸ್ ಬರುತ್ತದಾ? ಇನ್ನೂ ಇಬ್ಬರನ್ನು ಕೇಳಿದ್ದೇನೆ. ಈ ವಾರದಲ್ಲಿ ತೀರ್ಮಾನ ಮಾಡುತ್ತೇನೆ.”

ಉತ್ತರವಾಗಿ ಅಂಕಿ ಕಳಿಸದೆ “ಒಮ್ಮೆ ಶೋರೂಮಿಗೆ ಬನ್ನಿ ಸರ್, ಕೂತು ಮಾತಾಡೋಣ” ಅಂದವರಿಗೆ ಇನ್ನೊಂದು ಸಲ ಕೇಳಿ. ಆಗಲೂ ಬರೆದು ಕೊಡದಿದ್ದರೆ ನಾಲ್ಕನೇ ಶೋರೂಮಿಗೆ ಇದೇ ಮೆಸೇಜು ಕಳಿಸಿ.