ಪ್ರಿಂಟ್ ಬರುತ್ತೆ, ಸ್ಕ್ಯಾನ್ ಮಾತ್ರ ಫೋಲ್ಡರ್‌ಗೆ ಹೋಗಲ್ಲ, ಯಾಕೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಹಳೇ ಕಂಪ್ಯೂಟರ್ ತೆಗೆದು ವಿಂಡೋಸ್ 11 ಇರುವ ಹೊಸದು ತಂದೆವು. ಪ್ರಿಂಟ್ ಚೆನ್ನಾಗೇ ಬರುತ್ತಿದೆ. ಆದರೆ ಸ್ಕ್ಯಾನ್ ಮಾಡಿದ ಕಾಗದಗಳು ಮೊದಲಿನ ಹಾಗೆ ಫೋಲ್ಡರ್‌ಗೆ ಬಂದು ಬೀಳುತ್ತಿಲ್ಲ. ಮೆಷಿನ್ ಸರಿಯಾಗಿದೆ ಅಂತ ಸರ್ವಿಸ್‌ನವರು ಹೇಳಿ ಹೋದರು. ತೊಂದರೆ ಎಲ್ಲಿದೆ?

ಉತ್ತರ: ಸರ್ವಿಸ್‌ನವರ ಮಾತು ಬಹುಶಃ ನಿಜ. ಇಂಥ ತೊಂದರೆ ಕಂಪ್ಯೂಟರ್ ಕಡೆ ಇರುವುದೇ ಜಾಸ್ತಿ.

ಪ್ರಿಂಟ್ ಕೊಟ್ಟಾಗ ಕಂಪ್ಯೂಟರ್ ಪ್ರಿಂಟರನ್ನು ಹುಡುಕಿಕೊಂಡು ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಇದು ಉಲ್ಟಾ. ಪ್ರಿಂಟರೇ ನಿಮ್ಮ ಕಂಪ್ಯೂಟರಿನ ಬಾಗಿಲು ತಟ್ಟಿ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು, ಫೈಲ್ ಇಟ್ಟು ಹೋಗಬೇಕು. ಕಂಪ್ಯೂಟರ್ ಬದಲಾಯಿತು, ಆದರೆ ಪ್ರಿಂಟರಿನ ಅಡ್ರೆಸ್ ಬುಕ್‌ನಲ್ಲಿ ಹಳೇ ವಿವರವೇ ಇದ್ದರೆ? ತಟ್ಟಿದ್ದೆಲ್ಲ ದಂಡ.

ಎಲ್ಲರೂ ಎಡವುವುದು ಪಾಸ್‌ವರ್ಡ್‌ನಲ್ಲಿ. ದಿನಾ ಬೆಳಗ್ಗೆ ಒತ್ತುವ ನಾಲ್ಕಂಕಿಯ ಪಿನ್ ಇದೆಯಲ್ಲ, ಅದು ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್‌ನಿಂದ ಬರುವ ಪ್ರಿಂಟರ್‌ಗೆ ಅದು ನಡೆಯುವುದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳದೆ, ಸ್ಕ್ಯಾನ್‌ಗೆಂದೇ ಒಂದು ಲೋಕಲ್ ಅಕೌಂಟ್ (ಆ ಕಂಪ್ಯೂಟರಿನಲ್ಲಷ್ಟೇ ಇರುವ ಖಾತೆ) ಮಾಡಿ, ಪಾಸ್‌ವರ್ಡ್ ಇಡಿ. ಫೋಲ್ಡರ್ ಶೇರ್ ಮಾಡಿ ಆ ಅಕೌಂಟಿಗೆ ಬರೆಯುವ ಅನುಮತಿ ಕೊಡಿ. ಶೇರಿಂಗ್ ಟ್ಯಾಬ್‌ನಲ್ಲೂ ಕೊಡಬೇಕು, ಸೆಕ್ಯುರಿಟಿ ಟ್ಯಾಬ್‌ನಲ್ಲೂ ಕೊಡಬೇಕು. ಇದೇ ವಿವರವನ್ನು ಪ್ರಿಂಟರಿನ ಅಡ್ರೆಸ್ ಬುಕ್‌ಗೆ ಹಾಕಿ. ನಾಳೆ ಯಾರಾದರೂ ತಮ್ಮ ಪಾಸ್‌ವರ್ಡ್ ಬದಲಿಸಿದರೂ ಸ್ಕ್ಯಾನ್ ನಿಲ್ಲುವುದಿಲ್ಲ.

ವಿಂಡೋಸ್‌ನಲ್ಲಿ ಆಫೀಸಿನ ನೆಟ್‌ವರ್ಕ್ 'ಪಬ್ಲಿಕ್' ಅಂತಿದ್ದರೆ 'ಪ್ರೈವೇಟ್' ಮಾಡಿ, ಇಲ್ಲದಿದ್ದರೆ ಫೈರ್‌ವಾಲ್ ಒಳಗೆ ಬಿಡದೇ ಇರಬಹುದು. ಕಂಪ್ಯೂಟರಿನ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ಆಗಾಗ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ.

ಈಗ ಪಕ್ಕದ ಕಂಪ್ಯೂಟರಿನಿಂದ ಅದೇ ಅಕೌಂಟ್ ಬಳಸಿ ಆ ಫೋಲ್ಡರ್ ತೆರೆದು, ಒಂದು ಫೈಲ್ ಹಾಕಿ ನೋಡಿ. ಅಲ್ಲಿಂದ ಆಗುತ್ತದೆ, ಪ್ರಿಂಟರಿನಿಂದ ಮಾತ್ರ ಆಗಲ್ಲ ಅಂದರೆ, ಮೆಷಿನ್ ಹಳೆಯದು ಅನ್ನುವ ಅನುಮಾನ ಪಡಬಹುದು.

ಪ್ರಿಂಟರ್ ಫೋಲ್ಡರ್‌ಗೆ ಫೈಲ್ ಹಾಕುವುದು ಎಸ್‌ಎಂಬಿ ಎಂಬ ಪದ್ಧತಿಯಲ್ಲಿ. ಎಷ್ಟೋ ಹಳೇ ಮೆಷಿನ್‌ಗಳಿಗೆ ಅದರ ಮೊದಲ ಆವೃತ್ತಿ (ಎಸ್‌ಎಂಬಿ1) ಮಾತ್ರ ಗೊತ್ತು. 2017ರ ಮೇನಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಒತ್ತೆಯಿರಿಸಿಕೊಂಡ ವಾನ್ನಾಕ್ರೈ ಎಂಬ ದುಷ್ಟ ಸಾಫ್ಟ್‌ವೇರ್ ಹರಡಿದ್ದು ವಿಂಡೋಸ್‌ನಲ್ಲಿ ಆ ಆವೃತ್ತಿಗಿದ್ದ ತೂತಿನಿಂದಲೇ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಎಸ್‌ಎಂಬಿ1 ತಾನಾಗಿ ಬರುವುದು ನಿಂತಿತು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಇನ್ನೂ ಬಿಗಿ, ಪ್ರಿಂಟರ್ ಕಳಿಸುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕೇಳುತ್ತದೆ. ಸಹಿ ಹಾಕಲು ಬಾರದ ಪ್ರಿಂಟರ್ ಹೊರಗೇ ಉಳಿಯುತ್ತದೆ.

'ಎಸ್‌ಎಂಬಿ1 ಆನ್ ಮಾಡಿ, ಆಗುತ್ತೆ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುತ್ತದೆ ಕೂಡ. ಆದರೆ ಲೆಕ್ಕಪತ್ರ ಇಟ್ಟಿರುವ ಕಂಪ್ಯೂಟರಿನಲ್ಲಿ ಬೇಡ. ಮೊದಲು ಪ್ರಿಂಟರ್ ಕಂಪನಿಯ ಸೈಟಿನಲ್ಲಿ ಹೊಸ ಫರ್ಮ್‌ವೇರ್ (ಪ್ರಿಂಟರಿನ ಒಳಗಿನ ಸಾಫ್ಟ್‌ವೇರ್) ಇದೆಯಾ ನೋಡಿ.

ಇಲ್ಲ ಅಂದರೆ ಇಮೇಲ್‌ಗೆ ಸ್ಕ್ಯಾನ್ ಮಾಡಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆದು ಪ್ರಿಂಟರಿಗೆ ಕೊಡಬೇಕು. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್‌ಗೆ 25 ಎಂಬಿ ಮಿತಿ ಇದೆ. ದಪ್ಪ ಫೈಲುಗಳನ್ನು ಕಲರ್ ಬಿಟ್ಟು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕಳಿಸಿ.